ಆಕಾಶಕ್ಕೆ ಕಾವಲುಗಾರರು ಯಾರು?

ಬುರಣಾಪುರ-ಮಧಭಾವಿಯ ಬಯಲಿನಲ್ಲಿ 2021ರಲ್ಲಿ ವಿಮಾನನಿಲ್ದಾಣದ ಕೆಲಸವು ಪ್ರಾರಂಭವಾದಂದಿನಿಂದ ವಿಜಯಪುರದ ಕಚೇರಿಗಳಲ್ಲಿಯೂ ಪೇಟೆಯಲ್ಲಿಯೂ, ತಿಕೋಟಾ-ಬಬಲೇಶ್ವರಗಳ ದ್ರಾಕ್ಷಿಯ ತೋಟಗಳಲ್ಲಿಯೂ ಕೇಳಿಬಂದ ಪ್ರಶ್ನೆ ಒಂದೇ: ವಿಮಾನವು ಎಂದು ಬಂದೀತು? ಮೊದಲು ಎ.ಟಿ.ಆರ್. 72 ಎಂಬ ಚಿಕ್ಕ ವಿಮಾನಕ್ಕೆಂದು ಯೋಜಿಸಿದ ನಿಲ್ದಾಣವನ್ನು ಏರ್‌ಬಸ್ 320 ಇಳಿಯುವಷ್ಟು ವಿಸ್ತರಿಸಲು ನಿರ್ಧಾರವಾದಾಗ ಜನರಿಗೆ ಆದ ಸಂತೋಷವು ಸಹಜವೇ. ಆದರೆ ಬರುವ ವಿಮಾನವು ಹಾರಲು ಯೋಗ್ಯವೆಂದು ಹೇಳುವವರು ಯಾರು, ಅವರ ಮಾತನ್ನು ನಾವು ನಂಬುವುದು ಯಾವ ಆಧಾರದ ಮೇಲೆ, ಎಂಬ ಎರಡನೆಯ ಪ್ರಶ್ನೆಯನ್ನು ಕೇಳಿದವರು ವಿರಳ. ಅದರ ವಿಚಾರವನ್ನೇ ಇಂದು ವಾಚಕರ ಮುಂದಿಡುತ್ತೇವೆ.

ಈ ಎರಡು ಜಾತಿಯ ವಿಮಾನಗಳನ್ನು ಕಟ್ಟುವ ಕಂಪನಿಗಳ ಮುಖ್ಯ ಠಾಣ್ಯವು ಫ್ರಾನ್ಸ್ ದೇಶದ ತುಲೂಸ್ ಪ್ರದೇಶದಲ್ಲಿದೆ. ಅವುಗಳ ವಿನ್ಯಾಸಕ್ಕೆ ಯೋಗ್ಯತಾಪತ್ರ ಕೊಡುವ ಹೊಣೆಯಾದರೋ ಫ್ರಾನ್ಸ್ ಸರಕಾರದ್ದಲ್ಲ. ಜರ್ಮನಿಯ ಕಲೋನ್ ಪಟ್ಟಣದಲ್ಲಿರುವ ಯುರೋಪ ಒಕ್ಕೂಟದ ವಿಮಾನಯಾನ ಸುರಕ್ಷತಾ ಸಂಸ್ಥೆಯದು. 2003ರಲ್ಲಿ ಕೆಲಸವನ್ನಾರಂಭಿಸಿದ ಈ ಸಂಸ್ಥೆಯಲ್ಲಿ ಒಕ್ಕೂಟದ 27 ರಾಷ್ಟ್ರಗಳಲ್ಲದೆ ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್, ಲಿಕ್ಟೆನ್‌ಸ್ಟೈನ್‌ಗಳೂ ಕೂಡಿಕೊಂಡಿವೆ. ಅದರ ಮಾತಿಗೆ ನಮ್ಮಲ್ಲಿ ಎಷ್ಟು ತೂಕವಿದೆಯೆಂಬುದು 2025ರ ನವೆಂಬರ ತಿಂಗಳಲ್ಲಿ ಎಲ್ಲರಿಗೂ ತಿಳಿಯಿತು. ಅಮೇರಿಕೆಯ ಕಂಪನಿಯೊಂದರ ಏರ್‌ಬಸ್ 320 ವಿಮಾನವು ಅಕ್ಟೋಬರ 30ರಂದು ಹಾರುತ್ತಿದ್ದಂತೆಯೇ ಒಮ್ಮೆಲೆ ಕೆಳಗೆ ಕುಸಿದಿತ್ತು. ಸೂರ್ಯನ ತೀಕ್ಷ್ಣ ವಿಕಿರಣದಿಂದ ಅದರ ನಿಯಂತ್ರಕ ಕಂಪ್ಯೂಟರು ಕೆಡಬಹುದೆಂಬ ಸಂಶಯ ಹುಟ್ಟಿತು. ನವೆಂಬರ 28ರಂದು ಕಲೋನ್‌ದಿಂದ ತುರ್ತು ಆಜ್ಞೆ ಹೊರಟಿತು. ಜಗತ್ತಿನಲ್ಲಿ ಸುಮಾರು 6,000 ವಿಮಾನಗಳೂ, ಭಾರತದಲ್ಲಿ 338 ವಿಮಾನಗಳೂ ಅದರ ಅಡಿಯಲ್ಲಿ ಬಂದವು. ಕಲೋನ್‌ದಲ್ಲಿ ಬರೆದ ಕಾಗದವು ಬೆಂಗಳೂರಿನ ವಿಮಾನವನ್ನು ನಿಲ್ಲಿಸಬಲ್ಲದು.

ಇಷ್ಟೊಂದು ಸ್ವತಂತ್ರ ರಾಷ್ಟ್ರಗಳು ತಮ್ಮ ಅಧಿಕಾರವನ್ನು ಒಂದೆಡೆ ಕೂಡಿಸಲು ಒಪ್ಪಿದ್ದೇಕೆ? ಗಂಡಾಂತರದ ಅರಿವು ಗಡಿಯಲ್ಲಿಯೇ ನಿಂತುಬಿಟ್ಟರೆ ಏನಾಗುವುದೆಂಬುದು ಅವಕ್ಕೆ ಅನುಭವದಿಂದ ತಿಳಿಯಿತು. 2004ರ ಜನೇವರಿ 3ರಂದು ಈಜಿಪ್ಟ ದೇಶದ ಫ್ಲ್ಯಾಶ್ ಏರ್‌ಲೈನ್ಸ್ ವಿಮಾನವು ಕೆಂಪುಸಮುದ್ರದಲ್ಲಿ ಬಿದ್ದು 148 ಜನರು ಮಡಿದರು. ಅವರಲ್ಲಿ ಹೆಚ್ಚಿನವರು ಫ್ರೆಂಚರು. ಅಪಘಾತದ ನಿಜವಾದ ಕಾರಣದ ಬಗ್ಗೆ ವಾದಗಳೇನೇ ಇರಲಿ, ಆ ಕಂಪನಿಯ ವಿಮಾನಗಳಿಗೆ ಸ್ವಿಟ್ಜರ್ಲೆಂಡವು 2002ರಲ್ಲಿಯೇ ಪ್ರವೇಶ ನಿಷೇಧಿಸಿತ್ತೆಂದೂ, ನೆರೆಯ ಫ್ರಾನ್ಸಿನ ಪ್ರಯಾಣಿಕರಿಗೆ ಅದು ತಿಳಿದಿರಲಿಲ್ಲವೆಂದೂ ಆಮೇಲೆ ಬಯಲಾಯಿತು. 2005ರಲ್ಲಿ ಒಕ್ಕೂಟವು ಕಾಯಿದೆ ಮಾಡಿತು. 2006ರ ಮಾರ್ಚದಲ್ಲಿ ನಿಷಿದ್ಧ ಕಂಪನಿಗಳ ಮೊದಲ ಯಾದಿಯು ಪ್ರಕಟವಾಯಿತು. ಅಂದಿನಿಂದ ಈ ಯಾದಿಯಲ್ಲಿ ಸೇರಿದ ಕಂಪನಿಗೆ ಒಕ್ಕೂಟದ ಯಾವ ನಿಲ್ದಾಣದಲ್ಲಿಯೂ ಎಡೆಯಿಲ್ಲ. ನಮ್ಮ ದ್ರಾಕ್ಷಿ ಬೆಳೆಗಾರರಿಗೆ ಈ ರೀತಿಯು ಹೊಸದಲ್ಲ. 2010ರಲ್ಲಿ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್ಮಿಕ್ವಾಟ್ ಎಂಬ ಔಷಧದ ಅಂಶವು ಮಿತಿಮೀರಿ ಕಂಡು ಯುರೋಪಿಗೆ ಹೋದ ಮಾಲು ತಿರಸ್ಕೃತವಾದದ್ದು ಅವರಿಗೆ ನೆನಪಿರಬಹುದು.

ಹಾಗೆಂದು ಕಲೋನ್‌ದ ಅಧಿಕಾರಿಗಳೇ ಎಲ್ಲವನ್ನೂ ಮಾಡುವುದಿಲ್ಲ. ಕಾಯಿದೆಯು ಎಲ್ಲರಿಗೂ ಒಂದೇ. ದಿನನಿತ್ಯದ ತಪಾಸಣೆಯು ಬಹುಮಟ್ಟಿಗೆ ಆಯಾ ರಾಷ್ಟ್ರದ್ದು. ಆದರೆ ತಪಾಸಣೆ ಮಾಡುವವರನ್ನು ತಪಾಸಣೆ ಮಾಡುವ ಅಧಿಕಾರವು ಕೇಂದ್ರ ಸಂಸ್ಥೆಗಿದೆ. ಅಪಘಾತದ ತನಿಖೆಯನ್ನು ಮಾತ್ರ ನಿಯಂತ್ರಕರ ಕೈಯಿಂದ ಬೇರ್ಪಡಿಸಬೇಕೆಂದು 2010ರ ಇನ್ನೊಂದು ಕಾಯಿದೆಯು ವಿಧಿಸಿದೆ. ತಮ್ಮ ತಪ್ಪಿಗೆ ತಾವೇ ನ್ಯಾಯಾಧೀಶರಾಗಬಾರದೆಂಬುದೇ ಇದರ ತಾತ್ಪರ್ಯ. ದಖ್ಖನದ ಶಾಹಿ ರಾಜ್ಯಗಳು 1565ರಲ್ಲಿ ಒಂದು ಯುದ್ಧಕ್ಕಾಗಿ ಒಂದಾದದ್ದನ್ನೂ, ಆಮೇಲೆ ಮತ್ತೆ ತಮ್ಮತಮ್ಮಲ್ಲಿ ಕಾದಾಡಿದ್ದನ್ನೂ ಬಲ್ಲ ನಮಗೆ, ದಿನದಿನವೂ ಒಂದೇ ಕಟ್ಟಳೆಗೆ ತಲೆಬಾಗುವುದು ಎಷ್ಟು ಕಠಿಣವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ಮನೆಯ ಕಡೆಗೆ ನೋಡೋಣ. ಭಾರತವೂ ರಾಜ್ಯಗಳ ಒಕ್ಕೂಟವೇ; ಆದರೆ ಆಕಾಶಕ್ಕೆ ಕಾಯಿದೆಯೂ ಒಂದೇ, ಡಿ.ಜಿ.ಸಿ.ಎ. ಎಂದು ಕರೆಯಲ್ಪಡುವ ನಿರ್ದೇಶನಾಲಯವೂ ಒಂದೇ. ಕೊರತೆಯಿರುವುದು ಏಕತೆಯಲ್ಲಲ್ಲ, ಬಲದಲ್ಲಿ. 2014ರ ಜನೇವರಿಯಲ್ಲಿ ಅಮೇರಿಕೆಯು ನಮ್ಮ ಮೇಲ್ವಿಚಾರಣೆಯನ್ನು ಎರಡನೆಯ ದರ್ಜೆಗೆ ಇಳಿಸಿತು. ಮೊದಲ ದರ್ಜೆಯು ಮರಳಿ ದೊರೆತದ್ದು 2015ರ ಏಪ್ರಿಲದಲ್ಲಿ. 2020ರಲ್ಲಿ ಈ ನಿರ್ದೇಶನಾಲಯಕ್ಕೆ ಕಾಯಿದೆಯ ಸ್ಥಾನ ದೊರೆಯಿತು. ಆದರೂ ಮಂಜೂರಾದ 1,063 ಹುದ್ದೆಗಳಲ್ಲಿ 553 ಮಾತ್ರ ತುಂಬಿವೆಯೆಂದು 2025ರಲ್ಲಿ ಪಾರ್ಲಿಮೆಂಟಿನ ಸಮಿತಿಯೇ ವರದಿ ಮಾಡಿತು. ಅದೇ ವರ್ಷದ ಡಿಸೆಂಬರದಲ್ಲಿ ಇಂಡಿಗೋ ಕಂಪನಿಯ ಹಾರಾಟಗಳು ಸಾವಿರಗಟ್ಟಲೆ ರದ್ದಾದಾಗ, ವೈಮಾನಿಕರ ವಿಶ್ರಾಂತಿಗೆಂದು ಮಾಡಿದ ನಿಯಮಗಳಲ್ಲಿ ಕೆಲವನ್ನು ತಾತ್ಕಾಲಿಕವಾಗಿ ಸಡಿಲಿಸಲಾಯಿತು. ಪ್ರಯಾಣಿಕರ ಗೋಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದೊಡ್ಡ ಕಂಪನಿಯ ಅಡಚಣೆಗೆ ನಿಯಮವು ಬಾಗುವುದಾದರೆ ಆ ನಿಯಮವಿದ್ದು ಫಲವೇನು? ಅಪಘಾತಗಳ ತನಿಖೆಗೆ 2012ರಲ್ಲಿ ಪ್ರತ್ಯೇಕ ವಿಭಾಗವೇನೋ ಆಯಿತು. ಅದು ಮಂಗಳೂರಿನಲ್ಲಿ 158 ಜೀವಗಳು ಹೋಗಿ ಎರಡು ವರ್ಷಗಳಾದ ಮೇಲೆ. ಆದರೆ ನಿಯಂತ್ರಿಸುವವರೂ ತನಿಖೆ ಮಾಡುವವರೂ ಇರುವುದು ಒಂದೇ ಮಂತ್ರಾಲಯದ ಕೆಳಗೆ. 2025ರ ಜೂನ 12ರಂದು ಅಹಮದಾಬಾದಿನಲ್ಲಿ 260 ಜನರು ಸತ್ತ ದುರಂತದ ತನಿಖೆಯೂ ಈ ವಿಭಾಗದ ಪಾಲಿಗೇ ಬಂದಿತು.

ಪರದೇಶದ ಆಜ್ಞೆಗೆ ಸ್ವತಂತ್ರ ಭಾರತವು ಕೈಕಟ್ಟಿ ನಿಲ್ಲಬೇಕೆ ಎಂದು ಕೆಲವರು ಕೇಳಬಹುದು. ಒಳ್ಳೆಯ ಎಚ್ಚರಿಕೆಯನ್ನು ಸ್ವೀಕರಿಸುವುದರಲ್ಲಿ ಅವಮಾನವೇನೂ ಇಲ್ಲ. ಅದನ್ನು ಪರೀಕ್ಷಿಸುವ ಶಕ್ತಿ ಇಲ್ಲದಿರುವುದೇ ಅವಮಾನ. ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳು ಎರಡು ಬಿದ್ದು 346 ಜನರು ತೀರಿಕೊಂಡಾಗ, ಅದನ್ನು ಕಟ್ಟಿದ ಅಮೇರಿಕೆಗಿಂತ ಒಂದು ದಿನ ಮೊದಲೇ, 2019ರ ಮಾರ್ಚ 12ರಂದು, ಯುರೋಪವೂ ಭಾರತವೂ ಆ ಜಾತಿಯ ವಿಮಾನಗಳನ್ನು ನಿಲ್ಲಿಸಿದವು. ಅಲ್ಲಿಯವರೆಗೆ ಅಮೇರಿಕೆಯ ಯೋಗ್ಯತಾಪತ್ರವನ್ನು ಬಹಳವಾಗಿ ನಂಬಿದ್ದ ಯುರೋಪವು ಆ ಬಳಿಕ ತಾನೇ ಪರೀಕ್ಷೆಗೆ ನಿಂತಿತು. ಸ್ವಾಭಿಮಾನವೆಂದರೆ ಇದು.

ಆದಕಾರಣ ಖಾಲಿ ಹುದ್ದೆಗಳನ್ನು ತುಂಬುವುದು, ತನಿಖೆಯ ವಿಭಾಗವನ್ನು ಮಂತ್ರಾಲಯದಿಂದ ಬಿಡಿಸಿ ಪಾರ್ಲಿಮೆಂಟಿಗೆ ಉತ್ತರವಾದಿಯನ್ನಾಗಿ ಮಾಡುವುದು, ಕಂಪನಿಗಳ ತಪಾಸಣೆಯ ಫಲಿತಾಂಶಗಳನ್ನು ಸಾರ್ವಜನಿಕರ ಮುಂದಿಡುವುದು, ಈ ಮೂರೂ ಸರಕಾರದ ತುರ್ತು ಕರ್ತವ್ಯಗಳೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ನಮ್ಮ ಜಿಲ್ಲೆಯ ಪ್ರತಿನಿಧಿಗಳು ವಿಮಾನನಿಲ್ದಾಣಕ್ಕಾಗಿ ತೋರಿದ ಉತ್ಸಾಹದಲ್ಲಿ ಅರ್ಧವನ್ನಾದರೂ ಇದಕ್ಕೆ ವೆಚ್ಚ ಮಾಡಲಿ. ಊರಿಗೆ ವಿಮಾನ ಬರುವುದು ಪ್ರತಿಷ್ಠೆಯ ಮಾತು. ಹತ್ತಿದವರು ಸುಖವಾಗಿ ಇಳಿಯುವುದು ಪ್ರಾಣದ ಮಾತು.