ನಮ್ಮ ಕಡತಗಳು ಯಾರ ಖಾತೆಯಲ್ಲಿವೆ?

ಹೊಲವನ್ನು ಉಳುವವನೊಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು ಎಂದರೆ ಏನೇನು ತೊಂದರೆಯಾಗುವುದೆಂಬುದನ್ನು ನಮ್ಮ ಕಾಲೇಜಿನ ವಿದ್ಯಾರ್ಥಿಗಳಿಗೆ ವಿವರಿಸಿ ಹೇಳಬೇಕಾದುದಿಲ್ಲ. ನಮ್ಮಲ್ಲಿ ಬಹುಮಂದಿ ಒಕ್ಕಲು ಮನೆತನಗಳಿಂದ ಬಂದವರು. ಖಾತೆ ಬದಲಾಗಬೇಕಾದರೆ ನೋಟೀಸು ಬರಬೇಕು, ತಕರಾರು ಹೇಳಲು ಅವಕಾಶವಿರಬೇಕು ಎಂಬುದು ಕಾಯಿದೆ. ಆದರೆ ನಾವು ದಿನನಿತ್ಯ ಬಳಸುವ ಗಣಕಯಂತ್ರದೊಳಗೆ ಇಂಥ ಖಾತೆಗಳು ನಮ್ಮನ್ನು ಕೇಳದೆಯೇ ಬದಲಾಗುತ್ತವೆ. ಇದು ಕ್ಷುಲ್ಲಕ ವಿಷಯವೆಂದು ಕೆಲವರು ಭಾವಿಸಬಹುದು. ಹಾಗಲ್ಲವೆಂಬುದೇ ನನ್ನ ಅಭಿಪ್ರಾಯ.

ಗಣಕದ ಕಡತಗಳ ಹೆಸರಿನ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಚುಕ್ಕೆ, ಅದರ ಮುಂದೆ ಮೂರು ನಾಲ್ಕು ಅಕ್ಷರಗಳ ಒಂದು ಬಾಲ ಇರುತ್ತದೆ: ಪಿಡಿಎಫ್, ಎಂಪಿ3, ಎಚ್‌ಟಿಎಂಎಲ್ ಎಂಬಂತೆ. ಯಾವ ಬಾಲದ ಕಡತವನ್ನು ಯಾವ ತಂತ್ರಾಂಶವು ತೆರೆಯತಕ್ಕದ್ದೆಂಬುದು ವಿಂಡೋಸ್‌ನ ‘ರಿಜಿಸ್ಟ್ರಿ’ ಎಂಬ ದಫ್ತರದಲ್ಲಿ ದಾಖಲಾಗಿರುತ್ತದೆ. ಹೊಸದಾಗಿ ಬಂದ ತಂತ್ರಾಂಶವೊಂದು ಆ ಸಾಲನ್ನು ತನ್ನ ಹೆಸರಿಗೆ ತಿದ್ದಿಕೊಂಡರೆ, ಕಡತದೊಳಗೆ ಒಂದಕ್ಷರವೂ ವ್ಯತ್ಯಾಸವಾಗುವುದಿಲ್ಲ. ಆದರೆ ಅದರ ಗುರುತಿನ ಚಿತ್ರ ಬದಲಾಗುತ್ತದೆ. ಒತ್ತಿದರೆ ಅಪರಿಚಿತ ಪರದೆಯೊಂದು ಎದ್ದು ನಿಲ್ಲುತ್ತದೆ.

ಈ ಜಗಳ ಹೊಸದಲ್ಲ. 1998ರಲ್ಲಿ ಅಮೆರಿಕದಲ್ಲಿ ಮೈಕ್ರೋಸಾಫ್ಟ್ ಮೇಲೆ ಏಕಸ್ವಾಮ್ಯದ ಮೊಕದ್ದಮೆ ನಡೆದಾಗ, ಆ್ಯಪಲ್ ಸಂಸ್ಥೆಯ ಏವಿ ಟೆವೇನಿಯನ್ ಎಂಬವರು ತಮ್ಮ ಕ್ವಿಕ್‌ಟೈಮ್ ತಂತ್ರಾಂಶಕ್ಕೆ ವಿಂಡೋಸ್ ಅಡ್ಡಿಯಾಗುತ್ತಿದೆಯೆಂದು ಸಾಕ್ಷ್ಯ ನುಡಿದರು. ಮೈಕ್ರೋಸಾಫ್ಟ್ ಅದನ್ನು ಅಲ್ಲಗಳೆಯಿತು. 2012ರ ವಿಂಡೋಸ್ 8ರಲ್ಲಿ ಅದೇ ಮೈಕ್ರೋಸಾಫ್ಟ್ ಈ ದಫ್ತರಕ್ಕೊಂದು ಮೊಹರು ಹಾಕಿತು. ಬಳಕೆದಾರನ ಆಯ್ಕೆಯೊಡನೆ ಒಂದು ಗುಪ್ತ ಸಂಕೇತವೂ ಸೇರಬೇಕು, ಸಂಕೇತ ಹೊಂದದಿದ್ದರೆ ಆ ದಾಖಲೆ ಸಲ್ಲದು ಎಂಬ ಏರ್ಪಾಡು ಅದು. ಒಳ್ಳೆಯ ಏರ್ಪಾಡೇ ಸರಿ. ಆದರೆ ಕಾವಲುಗಾರನ ಮೇಲೆ ಕಾವಲು ಯಾರದು?

2015ರಲ್ಲಿ ವಿಂಡೋಸ್ 10ಕ್ಕೆ ಬದಲಾಯಿಸಿಕೊಂಡ ಅನೇಕರು ತಾವು ಹಿಂದೆ ಆರಿಸಿದ್ದ ಬ್ರೌಸರಿನ ಸ್ಥಾನದಲ್ಲಿ ಮೈಕ್ರೋಸಾಫ್ಟಿನ ಎಡ್ಜ್ ಕುಳಿತಿರುವುದನ್ನು ಕಂಡರು. ‘ಮುಂದೆ’ ಎಂಬ ಗುಂಡಿ ದೊಡ್ಡದಾಗಿತ್ತು. ‘ನಾನೇ ಆರಿಸುವೆ’ ಎಂಬ ದಾರಿ ಮೂಲೆಯ ಸಣ್ಣ ಅಕ್ಷರಗಳಲ್ಲಿತ್ತು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಅಂದಿನ ಮುಖ್ಯಸ್ಥ ಕ್ರಿಸ್ ಬಿಯರ್ಡ್‌ರು ಇದನ್ನು ಖಂಡಿಸಿ, ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ ಅವರಿಗೆ ಬಹಿರಂಗ ಪತ್ರ ಬರೆದರು. 2021ರ ವಿಂಡೋಸ್ 11ರಲ್ಲಿ ಬೇರೆ ಬ್ರೌಸರ್ ಬೇಕೆಂದವರು ಒಂದೊಂದು ಬಗೆಯ ಕಡತಕ್ಕೂ ಪ್ರತ್ಯೇಕವಾಗಿ ಹೇಳಬೇಕಾಯಿತು. ಆಕ್ಷೇಪಣೆಗಳೆದ್ದ ಮೇಲೆ, 2022ರಲ್ಲಿ, ಒಂದೇ ಗುಂಡಿಯ ಅನುಕೂಲ ಬಂದಿತು.

ಸಾಮಾನ್ಯರಿಗೆ ಈ ವಿವರಗಳು ತಿಳಿಯವು, ಅವರ ಸೌಕರ್ಯಕ್ಕಾಗಿಯೇ ನಾವು ಆರಿಸಿಕೊಡುವೆವು ಎಂದು ಕಂಪನಿಗಳ ಪರವಾಗಿ ವಾದಿಸುವವರುಂಟು. ಏನನ್ನೂ ಆರಿಸದವನಿಗೆ ಮೊದಲ ಸಲ ಆರಿಸಿಕೊಡುವುದು ಸೌಕರ್ಯವೆಂದು ಒಪ್ಪೋಣ. ಆರಿಸಿಕೊಂಡವನ ಮಾತನ್ನು ಅಳಿಸಿಹಾಕುವುದು ಸೌಕರ್ಯವಾದೀತೆ? ತಿಳಿಯದವನ ಹೆಸರಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡವರೂ ಹಿಂದೆ ಇದೇ ಮಾತನ್ನೇ ಆಡುತ್ತಿದ್ದರು.

ಇದರ ಪೆಟ್ಟು ಬೀಳುವುದು ಬಲ್ಲವರ ಮೇಲಲ್ಲ. ಅವರು ಎರಡು ನಿಮಿಷದಲ್ಲಿ ಸರಿಪಡಿಸಿಕೊಳ್ಳುವರು. ನನ್ನಂತೆ ಮನೆತನದಲ್ಲಿ ಮೊದಲಿಗೆ ಪದವಿ ತರಗತಿಯ ಮೆಟ್ಟಿಲು ಹತ್ತಿದವರು ಈ ಕಾಲೇಜಿನಲ್ಲಿ ಅನೇಕರಿರುವರು. ಮನೆಯಲ್ಲಿ ಕೇಳೋಣವೆಂದರೆ ಹೇಳುವವರಿಲ್ಲ. ಬರೆದಿಟ್ಟ ಪ್ರಬಂಧದ ಗುರುತು ಬದಲಾಗಿದ್ದರೆ ಅಂಥವರು ಕಂಪನಿಯನ್ನು ಶಂಕಿಸುವುದಿಲ್ಲ, ‘ನಾನೇ ಏನೋ ಕೆಡಿಸಿದೆ’ ಎಂದು ತಮ್ಮನ್ನೇ ಶಂಕಿಸುವರು. ಯಂತ್ರದ ಮುಂದೆ ಕೂರಲು ಅಂಜುವರು. ಕಡತವು ಉಳಿದರೂ ಧೈರ್ಯವು ಹೋಯಿತು. ಈ ನಷ್ಟವನ್ನು ತುಂಬಿಕೊಡುವವರು ಯಾರು?

ಕಾಯಿದೆಯು ಈ ಕಡೆಗೆ ಕಣ್ಣು ತೆರೆಯುತ್ತಿರುವುದು ಸಮಾಧಾನದ ಸಂಗತಿ. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆಂಡ್ರಾಯ್ಡ್ ಫೋನುಗಳ ವಿಷಯದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿ, ಫೋನನ್ನು ಮೊದಲು ಸಜ್ಜುಗೊಳಿಸುವಾಗಲೇ ಹುಡುಕು ಯಂತ್ರವನ್ನು ಬಳಕೆದಾರನೇ ಆರಿಸಿಕೊಳ್ಳಲು ಅವಕಾಶವಿರಬೇಕೆಂದು ಆಜ್ಞಾಪಿಸಿತು. ಅದು ಕಡತಗಳ ಮಾತಲ್ಲದಿದ್ದರೂ ತತ್ತ್ವ ಒಂದೇ: ಆಯ್ಕೆಯು ಬಳಸುವವನದು. ಈ ತತ್ತ್ವವು ಕಡತಗಳಿಗೂ ಅನ್ವಯಿಸಬೇಕು. ಒಮ್ಮೆ ಹೇಳಿದ ಆಯ್ಕೆಯನ್ನು ಬದಲಿಸುವ ಮುನ್ನ ನಮಗೆ ತಿಳಿಯುವ ಭಾಷೆಯಲ್ಲಿ, ಕನ್ನಡದಲ್ಲಿ, ಕೇಳಬೇಕು. ‘ಬೇಡ’ ಎಂಬ ಗುಂಡಿಯು ‘ಸರಿ’ ಎಂಬುದರಷ್ಟೇ ದೊಡ್ಡದಿರಬೇಕು.

ಅಲ್ಲಿಯವರೆಗೆ ನಾವು ಮಾಡಬಹುದಾದುದೂ ಇದೆ. ತಂತ್ರಾಂಶವನ್ನು ಸ್ಥಾಪಿಸುವಾಗ ಓದದೆ ಗುಂಡಿ ಒತ್ತಬಾರದು. ಮೊದಲೇ ಗುರುತು ಹಾಕಿದ ಚೌಕಗಳನ್ನು ನೋಡಬೇಕು. ಬದಲಾಗಿ ಹೋಗಿದ್ದರೆ ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಓಪನ್ ವಿತ್’ ಎಂಬಲ್ಲಿ ಬೇಕಾದ ತಂತ್ರಾಂಶವನ್ನು ಆರಿಸಿ, ‘ಯಾವಾಗಲೂ’ ಎಂದು ಸೂಚಿಸಿದರೆ ಹಿಂದಿನಂತಾಗುವುದು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ನಮ್ಮ ಗಣಕ ಪ್ರಯೋಗಾಲಯದ ಗೋಡೆಗೆ ಅಂಟಿಸಲು ಅಧ್ಯಾಪಕರು ಅನುಮತಿ ನೀಡಿದರೆ, ಬರುವ ವರ್ಷ ಮೊದಲ ತರಗತಿಗೆ ಸೇರುವ ತಮ್ಮ ತಂಗಿಯರಿಗೆ ಮಹದುಪಕಾರವಾಗುವುದು.