ತೆರೆದ ಕಾರಿಗೆ ಒಂದು ತಂಬಿಗೆ ನೀರು

ಇಂಗ್ಲೆಂಡಿನಲ್ಲಿ ಏಪ್ರಿಲ್ ತಿಂಗಳ ಮೊದಲ ಬಿಸಿಲು ಬಿದ್ದೊಡನೆ ಜನರಿಗೆ ಒಂದು ಬಗೆಯ ಮರುಳು ಹಿಡಿಯುತ್ತದೆ. ಚಳಿಗಾಲವೆಲ್ಲ ಕೋಟಿನ ಕಾಲರನ್ನು ಕಿವಿಯವರೆಗೆ ಎತ್ತಿಕೊಂಡು ನಡೆದವರು ಅಂದು ಬರಿದಲೆಯಲ್ಲಿ ಹೊರಬೀಳುತ್ತಾರೆ; ಮನೆಗೆ ಬಂದವರೇ ಹಳೆಯ ಕಾರುಗಳ ಜಾಹೀರಾತಿನಲ್ಲಿ ಕನ್ವರ್ಟಿಬಲ್ ಹುಡುಕತೊಡಗುತ್ತಾರೆ. ಮಾಡನ್ನು ಹಿಂದಕ್ಕೆ ಮಡಿಚಿ, ಆಕಾಶವನ್ನೇ ಸೂರಾಗಿಸಿಕೊಂಡು ಹೋಗುವ ಕಾರು ಅದು. ಈ ಮರುಳಿನ ಮರ್ಮವನ್ನು ಮಾರುವವರೂ ಬಲ್ಲರು. ಡಿಸೆಂಬರಿನಲ್ಲಿ ಕೇಳುವವರಿಲ್ಲದೆ ನಿಂತಿದ್ದ ಗಾಡಿಗೆ ಏಪ್ರಿಲಿನಲ್ಲಿ ಬೆಲೆ ಬರುತ್ತದೆ.

ಇಂಥ ಗಿರಾಕಿಗಳಲ್ಲಿ ಒಬ್ಬನನ್ನು ಊಹಿಸಿಕೊಳ್ಳಬಹುದು. ಆತನೊಬ್ಬ ಗುಮಾಸ್ತ, ವಯಸ್ಸು ಮೂವತ್ತರ ಆಚೀಚೆ. ಕಚೇರಿ ಮನೆಯಿಂದ ಹದಿನೈದು ಮೈಲಿ. ಹಳ್ಳಿಗೆ ಬಸ್ಸು ಅಪರೂಪ. ಕೂಡಿಟ್ಟ ಹಣ ಒಂದು ಹಳೆಯ ಕಾರಿಗೆ ಸಾಕು, ಎರಡಕ್ಕೆ ಸಾಲದು. ಶ್ರೀಮಂತನ ಮನೆಯಲ್ಲಿ ತೆರೆದ ಕಾರು ಒಂದು ಆಟಿಕೆ. ಮಳೆ ಬಂದರೆ ಅದು ಷೆಡ್ಡಿನಲ್ಲಿ ಮಲಗುತ್ತದೆ, ಯಜಮಾನ ಇನ್ನೊಂದರಲ್ಲಿ ಹೋಗುತ್ತಾನೆ. ಈ ಗುಮಾಸ್ತನಿಗೆ ಅದೇ ಆಟ, ಅದೇ ಅನ್ನ. ನವೆಂಬರಿನ ಮಂಜಿನಲ್ಲಿ ಬೆಳಿಗ್ಗೆ ಏಳೂವರೆಗೆ ಅದು ಹೊರಡಲೇಬೇಕು.

ಅವನ ಕಣ್ಣು ಕೊನೆಗೆ ಬಂದು ನಿಲ್ಲುವುದು ಸಾಮಾನ್ಯವಾಗಿ ಮಾಜ್ದಾ ಎಂ.ಎಕ್ಸ್-5ರ ಮೇಲೆ. ಅದಕ್ಕೊಂದು ಹಿನ್ನೆಲೆಯಿದೆ. ಎರಡು ಆಸನದ ತೆರೆದ ಕಾರನ್ನು ಸಾಮಾನ್ಯರ ಕೈಗೆ ಎಟುಕಿಸಿದ ಕೀರ್ತಿ ಬಹುಮಟ್ಟಿಗೆ ಇಂಗ್ಲಿಷರದೇ. ಎಂ.ಜಿ.ಬಿ. 1962ರಲ್ಲಿ ಹುಟ್ಟಿ 1980ರವರೆಗೆ ನಡೆಯಿತು. ಆ ವರ್ಷ ಆಬಿಂಗ್ಡನ್ನಿನ ಕಾರ್ಖಾನೆ ಮುಚ್ಚಿತು. ಟ್ರಯಂಫ್ ಸ್ಪಿಟ್‌ಫೈರ್ ಕೂಡ ಅದೇ ವರ್ಷ ನಿಂತಿತು. ಅದಕ್ಕೆ ಒಂದು ವರ್ಷ ಮೊದಲೇ, 1979ರಲ್ಲಿ, ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತ ಮಾಜ್ದಾ ಸಂಸ್ಥೆಯ ಕೆನಿಚಿ ಯಾಮಾಮೊಟೊರೊಡನೆ ಮಾತನಾಡುತ್ತ, ಅಂಥ ಹಗುರವಾದ ಅಗ್ಗದ ಕಾರನ್ನು ನೀವೇಕೆ ಮಾಡಬಾರದೆಂದು ಕೇಳಿದ್ದ. ಹತ್ತು ವರ್ಷಗಳ ಬಳಿಕ, 1989ರ ಷಿಕಾಗೋ ಪ್ರದರ್ಶನದಲ್ಲಿ, ಹಿರೋಷಿಮದ ಉತ್ತರ ಲೋಕಕ್ಕೆ ಕಾಣಿಸಿತು. ತೂಕ ಒಂದು ಟನ್ನಿಗಿಂತ ಸ್ವಲ್ಪ ಕಡಿಮೆ, ಎಂಜಿನು 1.6 ಲೀಟರಿನದು. ಕುದುರೆಯೂ ಸವಾರನೂ ಒಂದೇ ದೇಹವಾಗಬೇಕೆಂಬ ಜಪಾನೀ ನುಡಿಗಟ್ಟು ‘ಜಿನ್ಬಾ ಇತ್ತಾಯ್’ ಅದರ ನಿರ್ಮಾತೃಗಳ ಮಂತ್ರವಾಗಿತ್ತು. 2016ರ ಏಪ್ರಿಲಿನಲ್ಲಿ ಹತ್ತು ಲಕ್ಷದನೆಯ ಕಾರು ಹೊರಬಂದಿತು. ಇಂಗ್ಲಿಷರು ಬಿಟ್ಟ ವಿದ್ಯೆಯನ್ನು ಜಪಾನೀಯರು ಕಲಿತು ಇಂಗ್ಲಿಷರಿಗೇ ಮಾರಿದರು. ಆ ಕಾರುಗಳು ಈಗ ಎರಡನೆಯ, ಮೂರನೆಯ, ನಾಲ್ಕನೆಯ ಕೈಗೆ ಬಂದಿವೆ.

ನಿತ್ಯದ ಬಳಕೆಗೆ ಇದು ಆದೀತೆ? ಇಬ್ಬರಿಗೆ ಮಾತ್ರ ಜಾಗ. ಸಾಮಾನಿನ ಡಿಕ್ಕಿ ಎರಡು ಚೀಲ ತರಕಾರಿಗೆ ತುಂಬುತ್ತದೆ. ಮಕ್ಕಳೊಂದಿಗನಿಗೆ ಇದು ಸಲ್ಲದು. ಒಂಟಿಯಾಗಿಯೋ ಜೊತೆಗೊಬ್ಬರೊಂದಿಗೋ ಓಡಾಡುವವನಿಗೆ ಮಾತ್ರ ಇದಕ್ಕಿಂತ ಸರಳವಾದ ಯಂತ್ರ ಸಿಗುವುದು ಕಷ್ಟ. ಬಟ್ಟೆಯ ಮಾಡಿಗೆ ಮುಂಗಾಜಿನ ಅಂಚಿನಲ್ಲಿ ಚಿಲಕ. ಕುಳಿತಲ್ಲಿಂದಲೇ ಬಿಚ್ಚಿ ಹಿಂದಕ್ಕೆ ತಳ್ಳಬಹುದು. ಎಂಜಿನು ಗಟ್ಟಿಯಾದದ್ದು. ಮೊದಲೆರಡು ತಲೆಮಾರಿನವುಗಳಲ್ಲಿ ಟೈಮಿಂಗ್ ಬೆಲ್ಟನ್ನು ಅರವತ್ತು ಸಾವಿರ ಮೈಲಿಗೊಮ್ಮೆ ಬದಲಿಸಿದ ರಸೀದಿ ಇದೆಯೇ ಎಂದು ಕೇಳಿದರೆ ಆಯಿತು.

ಕೊಳ್ಳುವವರು ಎಡವುವುದು ಎಂಜಿನಿನಲ್ಲಲ್ಲ. ಹೋದವರೆಲ್ಲ ಮೊದಲು ಮಾಡನ್ನೇ ನೋಡುತ್ತಾರೆ: ಹರಿದಿದೆಯೇ, ಹೊಲಿಗೆ ಬಿಟ್ಟಿದೆಯೇ, ಮೊದಲ ತಲೆಮಾರಿನದಾದರೆ ಹಿಂದಿನ ಪ್ಲಾಸ್ಟಿಕ್ ಕಿಟಕಿ ಮಂಕಾಗಿ ಬಿರಿದಿದೆಯೇ? ಇವು ನೋಡತಕ್ಕವೇ. ಆದರೆ ಹರಿದ ಮಾಡು ಕಣ್ಣಿಗೆ ಕಾಣುವ ದೋಷ. ಹೊಸದನ್ನು ಹಾಕಿಸಲು ಇಷ್ಟು ಹಣವೆಂದು ಲೆಕ್ಕ ಹಾಕಿ ಬೆಲೆಯಲ್ಲಿ ಕಳೆಯಬಹುದು. ಕೊಲ್ಲುವ ದೋಷ ಇರುವುದು ಕೆಳಗೆ, ಬಾಗಿಲ ಬುಡದಲ್ಲಿ.

ಮುಚ್ಚಿದ ಕಾರಿನಲ್ಲಿ ಮೇಲಿನ ತಗಡೂ ಭಾರ ಹೊರುತ್ತದೆ. ನಾಲ್ಕು ಗೋಡೆಗೆ ತೊಲೆ ಹಾಕಿದ ಮನೆಯಂತೆ ಅದರ ಗಟ್ಟಿತನ ಎಲ್ಲ ಕಡೆಗೂ ಹಂಚಿಹೋಗಿರುತ್ತದೆ. ತೆರೆದ ಕಾರಿಗೆ ಆ ತೊಲೆಯಿಲ್ಲ. ನೆಲದ ತಗಡು, ಮತ್ತು ಎರಡು ಬಾಗಿಲುಗಳ ಕೆಳಗೆ ಉದ್ದಕ್ಕೂ ಓಡುವ ಟೊಳ್ಳು ಪೆಟ್ಟಿಗೆ — ಇಂಗ್ಲಿಷರು ಸಿಲ್ ಎನ್ನುವುದನ್ನು ಹೊಸ್ತಿಲೆಂದರೆ ತಪ್ಪಿಲ್ಲ — ಇವೇ ಅದರ ಬೆನ್ನುಮೂಳೆ. ಈ ಹೊಸ್ತಿಲು ತುಕ್ಕು ಹಿಡಿದರೆ ಕಾರಿನ ನಡುವೇ ಮುರಿದಂತೆ.

ತುಕ್ಕು ಬರುವ ದಾರಿ ಎರಡು. ಒಂದನ್ನು ಎಲ್ಲರೂ ಬಲ್ಲರು: ಇಂಗ್ಲೆಂಡಿನಲ್ಲಿ ಚಳಿಗಾಲದ ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಅದು ಅಡಿಗೆ ಅಂಟುತ್ತದೆ. ಇನ್ನೊಂದು ಒಳಗಿನಿಂದ ಬರುವಂಥದು. ಮಲೆನಾಡಿನಲ್ಲಿ ಸೂರಿನಂಚಿಗೆ ಅಡಕೆಯ ದಂಬೆ ಕಟ್ಟಿ ಮಳೆನೀರನ್ನು ಹೊರಗೆ ಹಾಯಿಸುವಂತೆ, ಈ ಕಾರಿನ ಬಟ್ಟೆಮಾಡಿನ ಬುಡದಲ್ಲಿಯೂ ಒಂದು ದಂಬೆಯುಂಟು. ಅದರ ನೀರು ಆಸನಗಳ ಹಿಂದಿನ ಎರಡು ಕೊಳವೆಗಳ ಮೂಲಕ ಇಳಿದು ಹಿಂದಿನ ಚಕ್ರಗಳ ಮುಂದೆ ನೆಲಕ್ಕೆ ಬೀಳಬೇಕು. ಮರದಡಿ ನಿಂತ ಕಾರಿನಲ್ಲಿ ತರಗೆಲೆ, ಧೂಳು, ಪಾಚಿ ಸೇರಿ ಕೊಳವೆ ಕಟ್ಟಿಕೊಳ್ಳುತ್ತದೆ. ನಿಂತ ನೀರು ಉಕ್ಕಿ ಜಮಖಾನೆಯನ್ನು ತೋಯಿಸುತ್ತದೆ, ಹೊಸ್ತಿಲ ಪೆಟ್ಟಿಗೆಗೂ ಇಳಿಯುತ್ತದೆ. ಮೇಲೆ ಬಣ್ಣ ಥಳಥಳಿಸುತ್ತಿರುವಾಗಲೇ ಒಳಗೆ ಗೆದ್ದಲು ತಿಂದ ತೊಲೆಯ ಸ್ಥಿತಿ.

1998ರಿಂದ 2005ರವರೆಗಿನ ಎರಡನೆಯ ತಲೆಮಾರಿನ ಕಾರಿಗೆ ಗಾಜಿನ ಹಿಂಕಿಟಕಿ ಬಂದುದು ದೊಡ್ಡ ಅನುಕೂಲ. ಆದರೆ ಅದರ ಮುಂಭಾಗದ ಚಾಸಿಯ ತೊಲೆಗಳೂ ತುಕ್ಕಿಗೆ ಹೆಸರಾದವು, ಅಡಿಯ ಪ್ಲಾಸ್ಟಿಕ್ ಹಲಗೆ ಅದನ್ನು ಮರೆಮಾಡುತ್ತದೆ. 2005ರ ಮೂರನೆಯದು ತುಸು ದೊಡ್ಡದು, ಬೆಲ್ಟಿನ ಬದಲು ಸರಪಳಿಯುಳ್ಳದ್ದು. 2006ರಿಂದ ಅದರಲ್ಲಿ ಗುಂಡಿಯೊತ್ತಿದರೆ ಹನ್ನೆರಡು ಸೆಕೆಂಡಿನಲ್ಲಿ ಮಡಿಚಿಕೊಳ್ಳುವ ಗಟ್ಟಿಮಾಡಿನ ಬಗೆಯೂ ಬಂದಿತು. ದಿನನಿತ್ಯ ದುಡಿಸಬೇಕಾದ ಗುಮಾಸ್ತನಿಗೆ ಹಣ ಹೊಂದಿದರೆ ಈ ಮೂರನೆಯದೇ ಲೇಸು. ಮೇಲೆ ಕೆಳಗೆ ಮಾಡುವ ದೀಪಗಳ ಮೊದಲನೆಯದು ಎಷ್ಟು ಮುದ್ದಾಗಿದ್ದರೂ, ಅದರ ವಯಸ್ಸು ಮೂವತ್ತು ದಾಟಿ ಹೋಗಿದೆ.

ಕಾಗದಪತ್ರಗಳೂ ಬಾಯಿಬಿಡುತ್ತವೆ. ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಕಾರು ಪ್ರತಿವರ್ಷ ಎಂ.ಓ.ಟಿ. ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 1960ರಲ್ಲಿ ಸಾರಿಗೆ ಮಂತ್ರಿಶಾಖೆ ಆರಂಭಿಸಿದ ಏರ್ಪಾಡು ಅದು. ಕಾರಿನ ನಂಬರು ಕೊಟ್ಟರೆ ಸರ್ಕಾರವೇ 2005ರಿಂದೀಚಿನ ಫಲಿತಾಂಶಗಳನ್ನು ಬಿಟ್ಟಿಯಾಗಿ ತೋರಿಸುತ್ತದೆ. ಎರಡು ವರ್ಷದ ಹಿಂದೆ ‘ಹೊಸ್ತಿಲಲ್ಲಿ ತುಕ್ಕು’ ಎಂಬ ಎಚ್ಚರಿಕೆ, ಈ ವರ್ಷ ಆ ಮಾತೇ ಇಲ್ಲ, ಅಡಿಯಲ್ಲೆಲ್ಲ ಹೊಸದಾಗಿ ಬಳಿದ ಕಪ್ಪು ಬಣ್ಣ — ಹೀಗಿದ್ದರೆ ವೆಲ್ಡಿಂಗ್ ಮಾಡಿಸಿದ ರಸೀದಿಯನ್ನು ಕೇಳಬೇಕು. ರಸೀದಿಯಿಲ್ಲದಿದ್ದರೆ ಒಂದು ಚಿಕ್ಕ ಅಯಸ್ಕಾಂತ ಸಾಕು. ತಗಡಿನ ಜಾಗದಲ್ಲಿ ಬರಿಯ ಮೆತ್ತಿದ ಪೇಸ್ಟಿದ್ದರೆ ಅದು ಹಿಡಿಯದೆ ಜಾರುತ್ತದೆ.

ಟಯರುಗಳ ವಿಷಯ ಎರಡೇ ಮಾತು: ನಾಲ್ಕೂ ಒಂದೇ ತಯಾರಿಕೆಯವಾಗಿರಲಿ, ಹಳಸಿದವಾಗದಿರಲಿ. ಹಿಂದಿನ ಚಕ್ರಗಳಿಂದ ಓಡುವ ಹಗುರ ಗಾಡಿ ಒದ್ದೆ ತಿರುವಿನಲ್ಲಿ ಕೆಟ್ಟ ಟಯರನ್ನು ಕ್ಷಮಿಸುವುದಿಲ್ಲ.

ಆದುದರಿಂದ ಈ ಗುಮಾಸ್ತನು ಏಪ್ರಿಲಿನ ಬಿಸಿಲಿಗೆ ಕಾಯದೆ, ನವೆಂಬರಿನಲ್ಲಿ, ಅದೂ ಮಳೆ ಬಂದು ನಿಂತ ದಿನವನ್ನೇ ಆರಿಸಿಕೊಂಡು ಹೋಗುವುದು ಜಾಣತನ. ಬೆಲೆಯೂ ಇಳಿದಿರುತ್ತದೆ; ಮಾಡು ಸೋರುವುದಿದ್ದರೆ ಅಂದೇ ಸೋರುತ್ತದೆ. ಆಸನವನ್ನು ಮುಂದಕ್ಕೆ ಸರಿಸಿ ಹಿಂದಿನ ಜಮಖಾನೆಯನ್ನು ಅಂಗೈಯಿಂದ ಒತ್ತಿ ನೋಡಲಿ. ಬಳಿಕ ಒಂದು ತಂಬಿಗೆ ನೀರು ಕೇಳಲಿ. ಆ ನಾಡಿನಲ್ಲಿ ತಂಬಿಗೆ ಸಿಗದಿದ್ದರೆ ಹಾಲಿನ ಜಗ್ಗಾದರೂ ಆದೀತು. ಬಾಗಿಲ ಹಿಂದೆ, ಮಾಡಿನ ಬುಡದ ಮೂಲೆಗೆ ಅದನ್ನು ಮೆಲ್ಲಗೆ ಹೊಯ್ದು, ಬಗ್ಗಿ ಚಕ್ರದ ಮುಂದಿನ ನೆಲವನ್ನು ನೋಡುತ್ತ ಕುಳಿತುಕೊಳ್ಳಲಿ.

ಆ ಕೆಲವು ಕ್ಷಣ ಕೊಳ್ಳುವವನೂ ಮಾರುವವನೂ ಮಾತನಾಡುವುದಿಲ್ಲ. ನೀರು ಕೆಳಗೆ ಬಾರದೆ ಎಲ್ಲಿಯೋ ಒಳಗೆ ಅಡಗಿದರೆ, ‘ಇದು ಯಾವಾಗಲೂ ಷೆಡ್ಡಿನಲ್ಲೇ ಇತ್ತು’ ಎಂದು ಮಾರುವವನು ಗೊಣಗಬಹುದು. ಜಗ್ಗನ್ನು ಹಿಂದಿರುಗಿಸಿ ಬಸ್ಸು ಹಿಡಿಯುವುದೇ ಸರಿ. ಎರಡು ಬದಿಯಲ್ಲಿಯೂ ತೆಳುವಾದ ಧಾರೆ ಇಳಿದು ನೆಲ ಒದ್ದೆಯಾದರೆ, ಆತನು ಎದ್ದು ಮೊಣಕಾಲಿನ ಕೆಸರನ್ನು ಒರಸಿಕೊಂಡು ಒಳಗೆ ಕುಳಿತು, ಹನಿಯುತ್ತಿರುವ ಆಕಾಶವನ್ನು ಲೆಕ್ಕಿಸದೆ, ಆ ಚಿಲಕವನ್ನು ಬಿಚ್ಚಿ ಮಾಡನ್ನು ಹಿಂದಕ್ಕೆ ತಳ್ಳಬಹುದು.