ಪೀಠದಲ್ಲಿ ಕುಳಿತ ಆರೋಪಿ

ಆರೋಪಿಯೇ ನ್ಯಾಯಪೀಠದಲ್ಲಿ ಕುಳಿತು ಮತ ಕೊಡುವುದಾದರೆ ಅಲ್ಲಿ ದೊರೆಯುವ ನ್ಯಾಯವೆಂತಹುದು? ೧೯೯೪ರಲ್ಲಿ ಆಫ್ರಿಕದ ರುವಾಂಡಾ ದೇಶಕ್ಕೊದಗಿದ ಗತಿಯು ಇದೇ.

ಏಪ್ರಿಲ್ ೭ರಂದು ಟುಟ್ಸಿ ಜನರ ಕಗ್ಗೊಲೆಯು ಮೊದಲಾದಾಗ ವಿಶ್ವಸಂಸ್ಥೆಯ ಸುಮಾರು ೨,೫೦೦ ಶಾಂತಿಸೈನಿಕರು ಆ ನಾಡಿನಲ್ಲಿಯೇ ಇದ್ದರು. ಗುಪ್ತವಾಗಿ ಕೂಡಿಟ್ಟ ಆಯುಧಗಳನ್ನು ವಶಪಡಿಸಿಕೊಳ್ಳುವೆನೆಂದು ಅವರ ಸೇನಾನಿಯಾದ ಡಲ್ಲೇರ್ ಮಹಾಶಯರು ಜನವರಿಯಲ್ಲಿಯೇ ಬರೆದಿದ್ದರು. ಅದು ಅವರಿಗಿತ್ತ ಸನದನ್ನು ಮೀರುವುದೆಂದು ನ್ಯೂಯಾರ್ಕಿನ ಕಚೇರಿಯು ತಡೆಯಿತು. ಬೆಲ್ಜಿಯಮಿನ ೧೦ ಮಂದಿ ಯೋಧರು ಹತರಾದ ಮೇಲೆ ಆ ರಾಷ್ಟ್ರವು ತನ್ನ ಪಡೆಯನ್ನು ಹಿಂದೆಗೆಯಿತು. ಏಪ್ರಿಲ್ ೨೧ರಂದು ಭದ್ರತಾ ಮಂಡಲಿಯು ಶಾಂತಿಸೇನೆಯನ್ನು ೨೭೦ ಜನಕ್ಕೆ ಇಳಿಸಲು ಒಮ್ಮತದಿಂದ ನಿರ್ಣಯಿಸಿತು. ಆ ಒಮ್ಮತದಲ್ಲಿ ಕೊಲೆ ನಡೆಸುತ್ತಿದ್ದ ಸರಕಾರದ ಪ್ರತಿನಿಧಿಯ ಮತವೂ ಸೇರಿತ್ತು. ರುವಾಂಡಾ ಆಗ ಮಂಡಲಿಯ ಸದಸ್ಯರಾಷ್ಟ್ರ!

ಅಮೆರಿಕವೇ ಮೊದಲಾದ ಪ್ರಬಲ ರಾಷ್ಟ್ರಗಳಾದರೋ ‘ಜನಾಂಗಹತ್ಯೆ’ಯೆಂಬ ಮಾತನ್ನು ಉಚ್ಚರಿಸಲೂ ಅಂಜಿದವು. ೧೯೪೮ರ ಒಡಂಬಡಿಕೆಯ ಪ್ರಕಾರ ಆ ಹೆಸರಿನೊಡನೆ ಅದನ್ನು ತಡೆಯುವ ಹೊಣೆಯೂ ಬರುತ್ತದೆ. ಹೆಸರಿಡದೆ ಹೊಣೆ ತಪ್ಪಿಸಿಕೊಂಡರು; ನೂರು ದಿನಗಳಲ್ಲಿ ಸುಮಾರು ೮ ಲಕ್ಷ ಜನ ಹತರಾದರು.

೧೯೯೯ರಿಂದ ಶಾಂತಿಸೇನೆಗಳ ಸನದಿನಲ್ಲಿ ನಾಗರಿಕರ ರಕ್ಷಣೆಯೆಂಬ ಮಾತು ಬರೆಯಲ್ಪಡುತ್ತಿದೆ, ಸಂತೋಷ. ಆದರೆ ಕಾವಲುಗಾರನ ಕೈಗೆ ದೊಣ್ಣೆ ಕೊಟ್ಟರೆ ಸಾಲದು. ಅವನಿಗೆ ಅಪ್ಪಣೆ ಕೊಡುವ ಪೀಠದಿಂದ ಆರೋಪಿಯನ್ನು ಮೊದಲು ಇಳಿಸಬೇಕು.